ಎಣ್ಣೆ ಕುಡಿಸುವ ತಿಂಗಳು

ಆಷಾಢ ಬಂತೆಂದರೆ ನಮ್ಮ ಸೀನರಿ ಅಂಗಡಿಗೆ ನಿದ್ದೆ.
ಅರಮನೆ, ಕಾಡು, ಬೀದಿ, ಮೂರೂ ಪರದೆ
ಸುರುಳಿ ಸುತ್ತಿಕೊಂಡು ಅಟ್ಟ ಹತ್ತುತ್ತವೆ.
ಕಿರೀಟಗಳಿಗೆ ಹಳೇ ಪೇಪರಿನ ಹೊದಿಕೆ,
ಗದೆಗಳು ಮೂಲೆಯಲ್ಲಿ ತಲೆಕೆಳಗು.
ಬಾಣಗಳು ಮಾತ್ರ ಹೊರಗೆ ಬರುತ್ತವೆ,
ನೂರಾ ಹದಿನೆಂಟು.
ಹೋದ ವರ್ಷ ನೂರಾ ಮೂವತ್ತಿದ್ದವು.

ಗುತ್ತಲು ರಸ್ತೆಯ ಷೆಡ್ಡಿನಲ್ಲಿ ಕೂತು
ಒಂದೊಂದನ್ನೇ ಓದುತ್ತೇನೆ.
ಇದಕ್ಕೆ ಯಾರದೋ ಮುಖದ ಸಫೇದ ಮೆತ್ತಿದೆ.
ಇದರ ಬಾಲದಲ್ಲಿ ಹಲ್ಲಿನ ಗುರುತು,
ಮಾತು ಮರೆತ ಹುಡುಗ ಸೈಡ್‌ವಿಂಗಿನಲ್ಲಿ ಕಚ್ಚಿರಬೇಕು.
ಇದು ಬೆವರು ಕುಡಿದು ಬಿಲ್ಲಿಗಿಂತ ಹೆಚ್ಚು ಬಾಗಿದೆ,
ಗಾಜಿನ ಮೇಲೆ ಉರುಳಿಸಿದರೆ ಕುಂಟುತ್ತದೆ.

ಉಪ್ಪು ಕಾಗದ ಮೊದಲು ಒರಟು, ಆಮೇಲೆ ನಯ.
ಸಾಮಿಲ್ಲಿನಲ್ಲಿ ಉಳಿದ ಹೊನ್ನೆಯ ತುಂಡು ಇವು,
ಬಾಗಿಲ ಚೌಕಟ್ಟಾಗಲು ಉದ್ದ ಸಾಲದವು.
ಪುಡಿ ಮೂಗಿಗೆ ಹತ್ತಿದರೆ ಸಂಜೆವರೆಗೆ ಸೀನು.

ಆಮೇಲೆ ಅಗಸೆಣ್ಣೆ.
ಮಾಯಣ್ಣಾಚಾರಿ ಹೇಳಿಕೊಟ್ಟದ್ದು ಇಷ್ಟೇ:
‘ಬಳೀಬ್ಯಾಡ ಕಣ್ಲಾ, ಕುಡ್ಸು.
ಸಾಕು ಅಂತ ಅದೇ ಹೇಳ್ತದೆ.’
ಹೆಂಗೆ ಹೇಳ್ತದೆ ಅಂದಿದ್ದಕ್ಕೆ
ಬೀಡಿ ಹಚ್ಚಿಕೊಂಡು ಹೊರಗೆ ಹೋದರು.
ತಿಳಿಯಲು ಹನ್ನೊಂದು ವರ್ಷ ಹಿಡಿಯಿತು.
ಮೊದಲ ಸಲ ಒಂದೇ ಗುಟುಕು,
ಎರಡನೆಯ ಸಲ ಯೋಚಿಸಿ ಯೋಚಿಸಿ,
ಮೂರನೆಯ ಸಲ ಎಣ್ಣೆ ಮೈಮೇಲೇ ನಿಲ್ಲುತ್ತದೆ,
ಹೊಟ್ಟೆ ತುಂಬಿದ ಮಗು
ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡ ಹಾಗೆ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು,
ಕಡ್ಡಿ ಗೀರದೆ ತಾನೇ ಹೊತ್ತಿಕೊಳ್ಳುತ್ತದೆ.
ತಂತಿಯ ಮೇಲೆ ಹರಡಬೇಕು,
ಪಕ್ಕದಲ್ಲೇ ಬಾಣಗಳು, ಕ್ಲಿಪ್ಪಿನಲ್ಲಿ ನೇತಾಡುತ್ತ.
ನಾಲೆಗೆ ನೀರು ಬಿಟ್ಟ ವಾರ ಬೇಗ ಒಣಗುವುದಿಲ್ಲ.
ಸಕ್ಕರೆ ಕಾರ್ಖಾನೆ ಅರೆಯಲು ಶುರುವಾದರೆ
ಕರಿ ಉದುರಿ ಹಸಿ ಬಣ್ಣದ ಮೇಲೆ ಕೂರುತ್ತದೆ,
ಕರೆಯದ ನೆಂಟ, ಏಳುವುದಿಲ್ಲ.

ಕೊನೆಗೆ ಬಣ್ಣ: ಎರಡು ಕೆಂಪು ಬಳೆ, ನಡುವೆ ಒಂದು ಹಳದಿ.
ಅದು ನಮ್ಮಂಗಡಿಯ ಗುರುತು. ಒಂದೇ ರಾತ್ರಿ
ಎರಡೂರಲ್ಲಿ ನಾಟಕವಿದ್ದರೆ ಬಾಣ ಅದಲು ಬದಲಾಗುತ್ತವೆ.

ಸಾಹುಕಾರ ಬಸವಣ್ಣಿ ಬಾಗಿಲಲ್ಲಿ ನಿಂತು ಅಂದ:
‘ದಾರ ಕಟ್ಟಿ ಎಳೆಯೋ ಬಾಣ, ಪಟಾಕಿ ಸದ್ದು.
ದೂರದಿಂದ ಹೊಳುದ್ರೆ ಸಾಕು.
ಹಾರದ ಬಾಣಕ್ಯಾಕಯ್ಯ ಬಾಣಂತಿ ಉಪಚಾರ?’

ಅವನಿಗೆ ಹೇಳಲಿಲ್ಲ. ಹೋದ ಮಾಘ, ಕೆರಗೋಡಿನಲ್ಲಿ
ಬಾಣದ ಹಾಸಿಗೆಯ ಅಜ್ಜನ ಪಾರ್ಟು
ಡೈರಿ ಸೆಕ್ರೆಟರಿ ಮರಿಚಿಕ್ಕೇಗೌಡರದು,
ನಲವತ್ತು ಸಾವಿರ ಕೊಟ್ಟು ಹಿಡಿದದ್ದು.
ಮಲಗಿ ಕಂದ ಎತ್ತಿದರು. ಕಣ್ಣಿಂದ ದಳದಳ ನೀರು.
ಒನ್ಸ್ ಮೋರ್ ಅಂದರು ಜನ. ಮತ್ತೆ ಹಾಡಿದರು.
ಮತ್ತೂ ಒಂದು ಸಲ.
ಯಾರೋ ಹತ್ತಿ ಬಂದು ಎದೆಗೆ ಐನೂರರ ನೋಟು ಚುಚ್ಚಿದರು.

ನಾಲ್ಕೂವರೆಗೆ, ಬಣ್ಣದ ಕೋಣೆಯಲ್ಲಿ,
ಬೆನ್ನು ತಿರುಗಿಸಿ ಕೂತರು.
ಬನಿಯನ್ನು ದಾಟಿ ಎರಡಂಗುಲದ ಸಿಬಿರು.
ಸೂಜಿ ಕಾಯಿಸಿ ತೆಗೆದೆ.
ಅಂಗೈಲಿಟ್ಟು ನೋಡಿದರು. ‘ನಿಂದೇಯಾ?’
ನನ್ನದೇ. ಒಂದೇ ಸಲ ಎಣ್ಣೆ ತೋರಿಸಿ
ಅವಸರಕ್ಕೆ ಬಣ್ಣ ಬಳಿದದ್ದು.
‘ಹೋಗ್ಲಿ ಬುಡು ಆಚಾರಿ,
ಇಷ್ಟು ಚೆಂದಾಗಿ ನಾನ್ಯಾವತ್ತೂ ಹಾಡಿರ್ಲಿಲ್ಲ.’

ನಿನ್ನೆ ಫೋನು ಮಾಡಿದ್ದರು. ಕಾರ್ತಿಕಕ್ಕೆ ಮತ್ತೆ ಅದೇ ಪಾರ್ಟು.
ಇಡುವ ಮುಂಚೆ ತಗ್ಗಿದ ದನಿಯಲ್ಲಿ,
‘ಆ ಬಾಣ ಇನ್ನೂ ಮಡಗಿದ್ದೀಯಾ?’

ಎಪ್ಪತ್ಮೂರನೆಯದು. ಕೊನೆಗೆ ಉಳಿಸಿಕೊಂಡಿದ್ದೇನೆ.
ಜಡ್ಡುಗಟ್ಟಿದ ಬೆರಳು ಸುಳ್ಳು ಹೇಳುತ್ತದೆ,
ಕೆನ್ನೆಗೆ ಒತ್ತಿ ಉದ್ದಕ್ಕೂ ಎಳೆದೆ.
ನಡುವಿನಲ್ಲಿ ಎಲ್ಲೋ
ಒಂದು ಎಳೆ ಇನ್ನೂ ಎದ್ದಿದೆ.

ಉಪ್ಪು ಕಾಗದ ಕೈಗೆ ತೆಗೆದುಕೊಂಡೆ.
ಕೆಳಗಿಟ್ಟೆ.
ಮತ್ತೆ ತೆಗೆದುಕೊಂಡೆ.