ಕೂಗುವ ಕೆಲಸಕ್ಕೆ ಸಂಬಳ

ಪೀಣ್ಯ ಎರಡನೇ ಹಂತ, ಅಡ್ಡರಸ್ತೆಯ ಕೊನೆ.
ತಗಡಿನ ಚಾವಣಿಯ ಕೆಳಗೆ ನಮ್ಮ ಪರೀಕ್ಷಾ ಸ್ಥಾವರ:
ಮೂರಾಳೆತ್ತರದ ಕುಲುಮೆ, ಒಂದು ಪುಟ್ಟ ಟರ್ಬೈನು,
ನಡುವೆ ಹನ್ನೊಂದು ಮೀಟರು ಕೊಳವೆ.
ಆ ಹನ್ನೊಂದು ಮೀಟರಿಗೆ ಸವೆದದ್ದು
ನನ್ನ ಆರು ವರ್ಷ.

ಇಲ್ಲಿ ಕಲ್ಲಿದ್ದಲನ್ನು ಸುಡುವುದಿಲ್ಲ.
ಅರೆಹೊಟ್ಟೆ ಗಾಳಿ ಕೊಟ್ಟು, ಮೇಲಿಷ್ಟು ಹಬೆ ಕುಡಿಸಿ,
ಪೂರಾ ಉರಿಯಲು ಬಿಡದೆ ಸತಾಯಿಸುತ್ತೇವೆ.
ರೋಸಿಹೋಗಿ ಅದು ಅನಿಲವಾಗುತ್ತದೆ.
ಯಶವಂತಪುರದ ಯಾರ್ಡಿನಿಂದ ಲಾರಿಯಲ್ಲಿ ಬರುವ ಸರಕು,
ನೂರಕ್ಕೆ ಮೂವತ್ತೆಂಟು ಪಾಲು ಬೂದಿ.
‘ಅಕ್ಕಿಗಿಂತ ಕಲ್ಲೇ ಜಾಸ್ತಿ ಇರೋ ಮೂಟೆ’ ಎಂದು
ಮುನಿಯಲ್ಲಪ್ಪ ಪ್ರತಿ ಪಾಳಿಯೂ ಬೂದಿ ತೂಗಿ
ಸೀಮೆಸುಣ್ಣದಲ್ಲಿ ಗೋಡೆಗೆ ಬರೆಯುತ್ತಿದ್ದ.

ಕುಲುಮೆ ಕೊಡುವ ಒತ್ತಡ ಮೂವತ್ತು.
ಟರ್ಬೈನಿಗೆ ಬೇಕಾದ್ದು ಹದಿನೆಂಟು.
ಮಿಕ್ಕ ಹನ್ನೆರಡರ ಕತ್ತು ಹಿಸುಕಲು
ಒಂದು ಕವಾಟ.
ಹಗಲೂ ರಾತ್ರಿ ಅದರ ಶಿಳ್ಳೆ.
ಪಕ್ಕದ ಗಾರ್ಮೆಂಟ್ಸಿನ ಹೆಂಗಸರು ಊಟದ ಹೊತ್ತಲ್ಲಿ
ಕೈಸನ್ನೆಯಲ್ಲೇ ಮಾತು ಮುಗಿಸುತ್ತಿದ್ದರು,
ಉಪ್ಪಿನಕಾಯಿ ಕೇಳುವುದಕ್ಕೂ.

ಒಂದು ರಾತ್ರಿ ಮುನಿಯಲ್ಲಪ್ಪ
ಟೀ ಲೋಟವನ್ನು ಬಿಸಿ ಕೊಳವೆಗೆ ಒತ್ತರಿಸಿಟ್ಟು ಕೇಳಿದ:
‘ಅಮ್ಮಯ್ಯ, ಬರೀ ಕೂಗೋ ಕೆಲಸಕ್ಕೆ
ಇದಕ್ಕೆಷ್ಟು ಸಂಬಳ?’

ನಕ್ಕೆ. ಆಮೇಲೆ ಪೆನ್ಸಿಲ್ ಹುಡುಕಿದೆ.
ಸಂಬಳ ಇತ್ತು.
ಗಂಟೆಗಿಷ್ಟು ಕಲ್ಲಿದ್ದಲು, ಗಂಟೆಗಿಷ್ಟು ನೀರು,
ಯಾರೂ ಸಹಿ ಹಾಕದ ಚೀಟಿಯಲ್ಲಿ
ದಿನಾ ಬಟವಾಡೆ.

ಕವಾಟದ ಜಾಗಕ್ಕೊಂದು ಚಕ್ರ ಕೂರಿಸೋಣ ಎಂದೆ.
ಅನಿಲ ಮೊದಲು ಬಿಸಿನೀರಲ್ಲಿ ಮಿಂದು ಏಳಲಿ,
ಒದ್ದೆಯಾದರೆ ತೂಕ ಹೆಚ್ಚು,
ಟರ್ಬೈನು ಕೂಲಿ ಕೊಡುವುದು ತೂಕ ನೋಡಿ.
ಮಿಂದ ಮೇಲೆ, ಟರ್ಬೈನು ಹೊರಗೆ ಚೆಲ್ಲುವ ಬಿಸಿಯಲ್ಲೇ
ಮೈ ಕಾಯಿಸಿಕೊಳ್ಳಲಿ.
ಆಮೇಲೆ ಮೂವತ್ತರಿಂದ ಹದಿನೆಂಟಕ್ಕೆ ಇಳಿಯಲಿ,
ಇಳಿಯುತ್ತಾ ಚಕ್ರ ತಿರುಗಿಸಲಿ.
ಕಾಗದದ ಮೇಲೆ ಎಲ್ಲವೂ ತಿರುಗಿತು.

ನಾಲ್ಕನೇ ದಿನ ಬಿಚ್ಚಿದರೆ
ಅಲಗುಗಳ ಅಂಚು ಇಲಿ ಕಡಿದ ರೊಟ್ಟಿ.
ಹಳೇ ಪೇಪರಲ್ಲಿ ಸುತ್ತಿ, ಊಟದ ಚೀಲದಲ್ಲಿಟ್ಟು
ಶಿವಾಜಿನಗರದ ಬಸ್ಸು ಹತ್ತಿದೆ.
ಕಂಡಕ್ಟರು ಚೀಲ ಎತ್ತಿ ನೋಡಿ, ‘ಲಗೇಜು’ ಎಂದ.
ಖಲಂದರ್ ಸಾಬರು ಲೇತ್ ನಿಲ್ಲಿಸಿ
ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು.
‘ಮರಳು ತಿಂದಿದೆ ಮೇಡಂ. ಮೊದಲು ಸೋಸೋದು ಕಲೀರಿ,
ಆಮೇಲೆ ಕಡೆಯೋದು ನಾನು ನೋಡ್ಕೋತೀನಿ.’

ಪಿಂಗಾಣಿಯ ಸೋಸುಗೊಳವೆ ಬಂತು. ಒಡೆಯಿತು.
ಇನ್ನೊಂದು ಬಂತು.
ಎರಡನೇ ಚಕ್ರಕ್ಕೆ ಡಾಂಬರು ಮೆತ್ತಿಕೊಂಡಿತು.
ಮೂರನೆಯದು,
ಆಷಾಢದ ಒಂದು ಮಂಗಳವಾರ, ಯಾರೂ ಕಾಯಿ ಒಡೆಯದಿದ್ದರೂ,
ತಿರುಗಿತು.

ಶಿಳ್ಳೆ ನಿಂತುಹೋಯಿತು.
ಗಾರ್ಮೆಂಟ್ಸಿನ ಹೆಂಗಸರು ಗಾಬರಿಯಾಗಿ
ಗೇಟಿನ ಹತ್ತಿರ ಬಂದರು:
‘ಯಾಕ್ರೀ, ನಿಮ್ದೂ ಬಾಗಿಲು ಹಾಕಿದ್ರಾ?’

ಮೀಟರು ತೋರಿಸಿದ್ದು
ನೂರಕ್ಕೆ ಎರಡೂವರೆ ಹೆಚ್ಚು.
‘ಅಷ್ಟೇನಾ?’ ಎಂದಿತು ಸಮಿತಿ, ಗೋಡಂಬಿ ತಟ್ಟೆಯ ಆಚೆಯಿಂದ.
ಹೊಗೆ ಹೊಗೆಯೇ, ಇದರಿಂದ ಆಕಾಶ ತೊಳೆದುಹೋಗಲಿಲ್ಲ,
ಗೊತ್ತು. ಅಷ್ಟೇ ಅಂದರೆ ಅಷ್ಟೇ.
ಹಾಗೆನ್ನುವಾಗಲೇ ಪೀಣ್ಯಕ್ಕೆ ಪೀಣ್ಯವೇ ಕತ್ತಲಾಗಿ,
ಮೊಬೈಲು ಬೆಳಕಲ್ಲಿ ಮೆಟ್ಟಿಲು ತಡವುತ್ತಾ
ಒಬ್ಬೊಬ್ಬರೇ ಇಳಿದರು.
ಮೂರು ಮಹಡಿ. ಯಾರ ಇಳಿತಕ್ಕೂ
ಯಾವ ಚಕ್ರವೂ ತಿರುಗಲಿಲ್ಲ.

ಈಗ ರಾತ್ರಿಪಾಳಿಯಲ್ಲಿ ಕೊಳವೆ ಸುಮ್ಮನಿದೆ.
ಮುನಿಯಲ್ಲಪ್ಪನಿಗೆ ತೂಕಡಿಕೆ. ಮೊದಲು ಶಿಳ್ಳೆ ಎಬ್ಬಿಸಿಡುತ್ತಿತ್ತಂತೆ.
ಮೂರರ ಹೊತ್ತಿಗೆ, ನಿದ್ದೆ ತಡೆಯಲು,
ತುಟಿ ಸೊಟ್ಟ ಮಾಡಿ ತಾನೇ ಶಿಳ್ಳೆ ಹಾಕುತ್ತಾನೆ,
ರಾಗವಿಲ್ಲ, ಅದೇ ಹಳೆಯ ಒಂದೇ ಸ್ವರ.
ಪೆನ್ಸಿಲ್ ಕೈಲೇ ಇದೆ.
ಯಾವ ಕಾಲಮ್ಮಿಗೆ ಬರೆಯಲಿ ಎಂದು
ಪುಟ ತಿರುಗಿಸುತ್ತೇನೆ.