ಉದ್ಯೋಗ: ಗೃಹಿಣಿ

ಹಳೇ ದಾವಣಗೆರೆ, ನಗರ ಆರೋಗ್ಯ ಕೇಂದ್ರದ ಎರಡನೇ ಕೋಣೆ.
ಫ್ಯಾನಿಗೆ ರಿಜಿಸ್ಟರು ಹಾರದಂತೆ
ಬಿ.ಪಿ. ಯಂತ್ರವನ್ನೇ ಮೇಲಿಟ್ಟು
ಹೆಸರುಗಳನ್ನು ಬಡಿಯುತ್ತೇನೆ. ಗುತ್ತಿಗೆ ಕೆಲಸ:
ಹನ್ನೊಂದು ತಿಂಗಳಿಗೊಮ್ಮೆ ನನ್ನ ಹೆಸರೂ
ಅಳಿಸಿ ಮತ್ತೆ ಬರುತ್ತದೆ.

ಜೈತುನ್‌ಬಿ, ನಲವತ್ತೊಂದು, ಕೆಮ್ಮು.
ಉದ್ಯೋಗ ಎಂಬಲ್ಲಿ ಒತ್ತಿದರೆ ಪಟ್ಟಿ ಇಳಿಯುತ್ತದೆ.
ಹೆಣ್ಣು ಎಂದು ಮೊದಲೇ ಒತ್ತಿದ್ದರೆ
ಕಂಪ್ಯೂಟರು ತಾನೇ ಗೃಹಿಣಿ ಎಂದುಕೊಳ್ಳುತ್ತದೆ.
ಬದಲಿಸಬಹುದು. ಸಾಲು ಉದ್ದವಿದ್ದ ದಿನ ಯಾರು ಬದಲಿಸುತ್ತಾರೆ?
ಎರಡು ವರ್ಷ ನಾನು ಬದಲಿಸಲಿಲ್ಲ.

ಅವಳ ಕೂದಲಲ್ಲಿ ಭತ್ತದ ಹೊಟ್ಟಿನ ಬೂದಿ.
ನಸುಕಿನ ಮೂರಕ್ಕೇ ಭಟ್ಟಿಯ ಮುಂದೆ,
ಕಾದ ಮರಳಿಗೆ ಅಕ್ಕಿ ಸುರಿದು
ಅರಳಿದ್ದನ್ನು ಜರಡಿ ಹಿಡಿದು.
ಮಂಡಕ್ಕಿ ಮೇಲುಳಿದು ಊರಿಗೆಲ್ಲ ಹೋಗುತ್ತದೆ.
ಮರಳು ಮತ್ತೆ ಬಾಣಲೆಗೆ.

ಹಾಗಾಗಿ ಜಿಲ್ಲೆಯ ಲೆಕ್ಕದಲ್ಲಿ
ನಮ್ಮ ವಾರ್ಡಿನ ಹೆಂಗಸರೆಲ್ಲ ಮನೆಯಲ್ಲೇ ಕೂತು ಕೆಮ್ಮುವವರು.
"ಒಲೆ ಹೊಗೆ ಇರಬೇಕು, ಗ್ಯಾಸಿನ ಬಗ್ಗೆ ಅರಿವು ಮೂಡಿಸಿ,"
ಎಂದರು ಮಾಸಿಕ ಸಭೆಯಲ್ಲಿ.
ಪೇಪರ್ ಪ್ಲೇಟಿನಲ್ಲಿ ಮಿರ್ಚಿ, ಮಂಡಕ್ಕಿ.
ನಾನೂ ತಿಂದೆ.
"ಅವ್ರ ಮನ್ಯಾಗ ಗ್ಯಾಸೇ ಐತಿ," ಎಂದಳು
ಹೊರಗೆ ಬಂದ ಮೇಲೆ, ಆಶಾ ಹಾಲಮ್ಮ.

ಮರುದಿನ ಪಟ್ಟಿಯ ತುದಿಗೆ ಹೋಗಿ 'ಇತರೆ' ಹುಡುಕಿದೆ.
ಭಟ್ಟಿ ಎಂದು ಬರೆಯಹೋದರೆ
ಜೈತುನ್‌ಬಿ ಪರದೆಗೆ ಅಂಗೈ ಅಡ್ಡ ಹಿಡಿದಳು:
"ಬರೀಬ್ಯಾಡವಾ. ಮಾಲಕ್‌ಗೆ ಗೊತ್ತಾದ್ರೆ
ನಾಳಿಂದ ಬರಬ್ಯಾಡ ಅಂತಾನ.
ಕೆಮ್ಮೂ ಕಡಿಮಿ ಆಕ್ಕತಿ, ಊಟಾನೂ."
ಸ್ವಲ್ಪ ಹೊತ್ತು ಬಿಟ್ಟು, ಸೆರಗಿನಲ್ಲಿ ಬಾಯಿ ಒರೆಸಿ,
"ಎಣಿಸಾದು ಎಣಿಸು.
ತೋರಿಸಬ್ಯಾಡ."

ತರಬೇತಿಯಲ್ಲಿ ಇದಕ್ಕೆ ದೊಡ್ಡ ಹೆಸರಿತ್ತು.
ಆಗಲೇ ಚಹಾ ಬಂತು, ಮರೆತುಬಿಟ್ಟೆ.

ಈ ಸಲ ಸಭೆಗೆ ಒಂದೇ ಹಾಳೆ ಒಯ್ದೆ.
ಹೆಸರಿಲ್ಲ, ಬೀದಿಯಿಲ್ಲ, ವಯಸ್ಸೂ ಹತ್ತರ ಗುಂಪಿನಲ್ಲಿ.
ಭಟ್ಟಿ ಕೆಲಸ: ಮೂವತ್ತೇಳು.
ಓದಿದರು, ಮತ್ತೊಮ್ಮೆ ಓದಿದರು,
ಹಸಿರು ಶಾಯಿಯಲ್ಲಿ 'ಪರಿಶೀಲಿಸಿ' ಎಂದು ಬರೆದರು.
ಯಾರು, ಎಂದು ಬರೆಯಲಿಲ್ಲ.

ಮುಂದಿನ ತಿಂಗಳು ಮಾತ್ರೆಗೆ ಬಂದವಳು
ಕಿಟಕಿಗೆ ಬಾಗಿ ಕೇಳಿದಳು, "ಎಷ್ಟು ಮಂದಿ ಆದ್ವಿ?"
"ಮೂವತ್ತೇಳು."
"ಅದ್ರಾಗ ನಾನು ಎಷ್ಟನೇದಕಿ?"
"ನಿಮಗೂ ಹೇಳಂಗಿಲ್ಲ," ಅಂದೆ.

ನಕ್ಕಳು. ನಗು ಕೆಮ್ಮಾಯಿತು.
ಕೀಲಿಮಣೆಯಿಂದ ಕೈ ತೆಗೆದು
ಅದು ನಿಲ್ಲುವವರೆಗೆ ಕಾದೆ.