ಕುದುರೆಯ ತೂಕ

ಬಂದೂಕಿಗೂ ಕುದುರೆ ಇರುತ್ತದೆಂದು
ನನಗೆ ಗೊತ್ತಾದದ್ದು ನಲವತ್ತಾರನೆಯ ವರ್ಷಕ್ಕೆ,
ಬೆಳಗಾವಿ ಕ್ಯಾಂಪಿನ ಶೂಟಿಂಗ್ ಕ್ಲಬ್ಬಿನಲ್ಲಿ,
ಸುಭೇದಾರ ಪಾಟಣೇಕರ ಕಪಾಟಿನ ಬೀಗ ತೆಗೆದು
ನಾಲ್ಕು ಪಾಯಿಂಟ್ ಟೂ-ಟೂ ರೈಫಲ್ಲುಗಳನ್ನು
ಕಂಬಳಿ ಹಾಸಿದ ಮೇಜಿನ ಮೇಲೆ ಮಲಗಿಸಿ
"ಲೈಸೆನ್ಸ್ ಮಾತು ಆಮ್ಯಾಲೆ. ಸದ್ಯ ಇವರಾಗ ಒಂದು
ನಿಮ್ಮ ಹುಡುಗೀದು" ಅಂದಾಗ.

ನಾನು ತಕ್ಕಡಿ ರಿಪೇರಿಯವನು.
ಖಡೇಬಜಾರಿನ ಅಡ್ಡಗಲ್ಲಿಯಲ್ಲಿ ಬಂಗಾರದಂಗಡಿಯ ಕಾಟಾ ಬಿಚ್ಚಿ
ಮುಳ್ಳು ನಡುವೆ ನಿಲ್ಲುವತನಕ ಉಸಿರು ಬಿಡದ ಕಸುಬು.
ಬಂದೂಕು ತಿಳಿಯದು, ತೂಕ ತಿಳಿದೀತು ಅಂತ
ಚೀಲದಲ್ಲಿ ಹಿತ್ತಾಳೆಯ ಬಟ್ಟು, ಒಂದಿಷ್ಟು ಸುತಳಿ ಒಯ್ದಿದ್ದೆ.

ಮೊದಲನೆಯದು ಎನ್‌ಸಿಸಿ ಕಾಲದ್ದು.
ಎಷ್ಟು ಹುಡುಗರ ಕೆನ್ನೆ ಒರಗಿತ್ತೋ, ಮರ ನುಣುಪಾಗಿತ್ತು.
ಸುಭೇದಾರರು ಬೋಲ್ಟು ತೆರೆದು, ಖಾಲಿ ಎಂದು ತೋರಿಸಿ, ಮುಚ್ಚಿ,
ನಳಿಗೆ ಮೇಲಕ್ಕೆ ಮಾಡಿ ಹಿಡಿದರು.
ಕುದುರೆಗೆ ಸುತಳಿ ಕಟ್ಟಿ ಬಟ್ಟು ಇಳಿಬಿಟ್ಟೆ.
ಒಂದು ಕಿಲೊ. ಎರಡು. ಮೇಲೆ ಇನ್ನೂರು. ಟಕ್.
ಹದಿಮೂರರ ಬೆರಳಿಗೆ ಅದು ಕುದುರೆಯಲ್ಲ, ಎಮ್ಮೆ.

ಎರಡನೆಯದು ಪರದೇಶಿ, ಹೊಳೆಯುತ್ತಿತ್ತು.
ತೊಂಬತ್ತು ಗ್ರಾಮಿಗೇ ಬಿತ್ತು.
"ಕಲತವರಿಗೆ ಇದು. ನೀವು ವಿಚಾರ ಮಾಡೂದರಾಗ ಓಡಿಹೋಗತೈತಿ."

ಮೂರನೆಯದು ಉದ್ದ.
ಹಿಂಬದಿ ಮೊಣಕೈ ಮಡಚಿಗೆ ತಾಗಿಸಿದರೆ
ತ್ರಿಶಲಾಳ ಬೆರಳು ಕುದುರೆಗೆ ಎರಡಿಂಚು ಮೊದಲೇ ಮುಗಿಯಿತು.
"ಬೆಳೀತಾಳ್ರಿ, ಇರಲಿ ದೊಡ್ಡದ" ಅಂದಳು ನನ್ನ ಹೆಂಡತಿ.
"ಯುನಿಫಾರ್ಮ್ ಅಲ್ಲ ಬಾಯಿ, ಚಪ್ಪಲಿ ಇದ್ದಂಗ ಇದು.
ಇವತ್ತಿನ ಪಾದಕ್ಕ ಸರಿ ಆಗಬೇಕು."

ನಾಲ್ಕನೆಯದು ಗಿಡ್ಡ, ಹಗುರ, ಎಂಟುನೂರು ಗ್ರಾಮ್.
ನಾನು ಬಟ್ಟು ಚೀಲಕ್ಕೆ ಹಾಕುತ್ತಿದ್ದೆ.

"ತಾಳ್ರಿ" ಅಂದರು.
ಎರಡೂ ಅಂಗೈ ಜೋಡಿಸಿ ಸಣ್ಣ ಕಿಂಡಿ ಮಾಡಿಸಿದರು:
"ಅದರಾಗಿಂದ ಗೋಡೆ ಗಡಿಯಾರ ನೋಡು. ಈಗ ಎಡಗಣ್ಣ ಮುಚ್ಚು."
"ಗಡಿಯಾರ ಹೋತು" ಅಂದಳು ಮಗಳು.
"ಅಂದರ ನಿನ್ನ ಎಡಗಣ್ಣ ಧಣಿ. ಕೈ ಯಾವುದು?"

ಅವಳು ನನ್ನ ಮುಖ ನೋಡಿದಳು.
ಎಡಗೈ ತಾನಾಗಿ ಬೆನ್ನ ಹಿಂದೆ ಹೋಯಿತು.

ನಾಲ್ಕು ವರ್ಷದವಳಿದ್ದಾಗ ಆ ಕೈ ರೊಟ್ಟಿಗೆ ಹೋದರೆ
ಆಯಿ ಸೌಟಿನಿಂದ ಬೆರಳ ಗೆಣ್ಣಿಗೆ ತಟ್ಟುತ್ತಿದ್ದಳು.
ಹುಳ ಸತ್ತೀತೆಂದು ಹಿಟ್ಟನ್ನು ಮೂರು ಸಲ ಜರಡಿ ಹಿಡಿಯುವ ಆಯಿ.
ಎರಡೂ ಪರಡಿ ಸಮ ಇರಲೆಂದು
ದಿನಾ ಅರ ಹಿಡಿಯುವ ನಾನು
ಉಣ್ಣುತ್ತ ಕೂತಿರುತ್ತಿದ್ದೆ.

"ಎಡಗೈ" ಅಂದೆ. ನನ್ನ ದನಿ ನನಗೇ ದೊಡ್ಡದೆನಿಸಿತು.

ಮೂರರ ಕೆನ್ನೆಮರ ಬಲಗಡೆಯವರಿಗೆ ಕೊರೆದದ್ದು.
ಯಾವ ಕಡೆಗೂ ವಾಲದೆ ನೆಟ್ಟಗಿದ್ದದ್ದು ಒಂದೇ,
ಎಮ್ಮೆ.
ಬೋಲ್ಟು ಬಲಕ್ಕೇ; ಕೈ ದಾಟಿಸಿ ಎಳೆಯಬೇಕು.
"ತಡ ಆಗತೈತಿ. ಆಗಲಿ. ಅವಸರ ಯಾರಿಗೈತಿ?"
ಕ್ಲಬ್ಬಿನ ಮಿಸ್ತ್ರಿ ಹಿಂಬದಿ ಒಂದೂವರೆ ಇಂಚು ಕೊಯ್ದ,
ಸ್ಪ್ರಿಂಗ್ ಬದಲಿಸಿದ. ಮತ್ತೆ ನಾನೇ ತೂಗಿದೆ:
ಒಂದು ಕಿಲೊ, ಐವತ್ತು ಕಮ್ಮಿ.

ಹೊತ್ತು ಮುಳುಗುವ ಮೊದಲು ಊಟಕ್ಕೆ ಕೂತಾಗ
ಆಯಿ ಕೇಳಿದಳು: "ಏನ ಕೊಲ್ಲತೈತಿ ಅದು?"
"ಕಾಗದ, ಆಯಿ. ನಡುವ ಕರೀ ಚುಕ್ಕಿ."
"ಕಾಗದದ ಹಿಂದ?"
"ಮಣ್ಣಿನ ದಿಬ್ಬ."
"ಮಣ್ಣಾಗ ಇರುವಿ ಇರತಾವಲ್ಲ?"

ಯಾರೂ ಮಾತಾಡಲಿಲ್ಲ.
ತ್ರಿಶಲಾ ಎಡಗೈಯಿಂದ ರೊಟ್ಟಿ ಮುರಿದಳು.
ಸೌಟು ಆಯಿಯ ಕೈಯಲ್ಲೇ ಇತ್ತು. ನೋಡಿದಳು.
ಝುಣಕ ಬಡಿಸಿದಳು.

ರವಿವಾರ ಮುಂಜಾನೆ, ಮೊದಲ ಗುಂಡಿಗೆ ಮುನ್ನ,
ಮಗಳು ರೈಫಲ್ಲನ್ನು ಚಾಪೆಯ ಮೇಲೆ ತೆರೆದಿಟ್ಟು
ಐವತ್ತು ಮೀಟರು ದಿಬ್ಬದತನಕ ನಡೆದುಹೋಗಿ
ಬಗ್ಗಿ, ಬಹಳ ಹೊತ್ತು ಮಣ್ಣು ನೋಡಿದಳು.
ಸುಭೇದಾರರು ಸೀಟಿ ಬಾಯಲ್ಲಿಟ್ಟುಕೊಂಡೇ ಕಾದರು.
ಊದಲಿಲ್ಲ.